ಜಿಂಕೆಯ ಬೇಟೆಗಾರನ ವಿದ್ಯೆ

ಬೇಟೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅಂಬಾರಿಯ ಆನೆ, ತಮಟೆಯ ಸದ್ದು, ಪೊದೆಪೊದೆಯನ್ನೂ ಬಡಿದು ಮೃಗಗಳನ್ನು ಸೋವಿಕೊಂಡು ಬರುವ ನೂರಾರು ಜನ, ಅಟ್ಟಣೆಯ ಮೇಲೆ ಬಂದೂಕು ಹಿಡಿದು ಕುಳಿತಿರುವ ಒಬ್ಬ ದೊರೆ. ಆ ಬೇಟೆಯಲ್ಲಿ ಶ್ರಮವೆಲ್ಲ ಸೋವುವವರದು, ಕೀರ್ತಿಯೆಲ್ಲ ಕುಳಿತವನದು. ಈ ಹೊತ್ತು ನಾನು ತಮ್ಮ ಮುಂದೆ ಹೇಳಬೇಕೆಂದಿರುವುದು ಅದಕ್ಕೆ ತೀರ ವಿರುದ್ಧವಾದ ಇನ್ನೊಂದು ಬಗೆಯ ಬೇಟೆಯ ವಿಷಯ. ಇಲ್ಲಿ ಮೃಗವು ಬೇಟೆಗಾರನ ಬಳಿಗೆ ಬರುವುದಿಲ್ಲ; ಬೇಟೆಗಾರನೇ, ಅದರ ಕಣ್ಣು ಕಿವಿ ಮೂಗುಗಳನ್ನು ತಪ್ಪಿಸಿಕೊಂಡು, ಹೊಟ್ಟೆಯ ಮೇಲೆ ತೆವಳುತ್ತ ಅದರ ಬಳಿಗೆ ಹೋಗಬೇಕು. ಸ್ಕಾಟ್ಲೆಂಡ್ ದೇಶದ ಉತ್ತರದ ಬೆಟ್ಟನಾಡಿನಲ್ಲಿ ಇದಕ್ಕೆ ಸ್ಟಾಕಿಂಗ್ ಎಂದು ಹೆಸರು. ಹೊಂಚಿ ಸಾಗುವುದು ಎಂದು ನಾವು ಹೇಳಿಕೊಳ್ಳಬಹುದು.

ಮೊದಲೇ ಒಂದು ಮಾತನ್ನು ಅರಿಕೆಮಾಡಿಕೊಳ್ಳುತ್ತೇನೆ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಂಕೆ, ಕಡವೆ, ಕಾಡುಕುರಿಗಳನ್ನು ಬೇಟೆಯಾಡುವುದು ಅಪರಾಧ. ಅದು ಹಾಗೆಯೇ ಇರತಕ್ಕದ್ದು. ನಾನಾದರೂ ಬಂದೂಕು ಹಿಡಿದವನಲ್ಲ. ಓದಿ ಕೇಳಿ ತಿಳಿದುದನ್ನು ಹೇಳುತ್ತಿದ್ದೇನೆ, ಅಷ್ಟೆ. ಆದರೆ ಕೊಲ್ಲುವ ಕ್ಷಣವೊಂದನ್ನು ಬಿಟ್ಟರೆ ಈ ವಿದ್ಯೆಯ ಉಳಿದ ಭಾಗವೆಲ್ಲ ಕಾಡನ್ನು ನೋಡಬಯಸುವ ಯಾರಿಗಾದರೂ ಉಪಯೋಗಕ್ಕೆ ಬರತಕ್ಕದ್ದೇ ಆಗಿದೆ.

ಆ ಬೆಟ್ಟಗಳಲ್ಲಿರುವ ಮೃಗವು ರೆಡ್ ಡಿಯರ್ ಎಂಬುದು, ಕೆಂಜಿಂಕೆ ಎನ್ನೋಣ. ಬ್ರಿಟನ್ನಿನ ನೆಲದ ಮೇಲಿನ ಕಾಡುಮೃಗಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ನಮ್ಮ ಕಡವೆಗೆ ಹತ್ತಿರದ ನಂಟು. ಗಂಡಿಗೆ ಮಾತ್ರ ಕೊಂಬುಂಟು. ಅದು ವಸಂತದಲ್ಲಿ ಉದುರಿ, ಮಖಮಲ್ಲಿನಂತಹ ಚರ್ಮವನ್ನು ಹೊದ್ದು ಮತ್ತೆ ಚಿಗುರಿ, ಆಗಸ್ಟ್ ತಿಂಗಳ ಹೊತ್ತಿಗೆ ಗಟ್ಟಿಯಾಗುತ್ತದೆ. ವರ್ಷದ ಬಹುಭಾಗ ಗಂಡುಗಳ ಹಿಂಡು ಬೇರೆ, ಹೆಣ್ಣುಗಳ ಹಿಂಡು ಬೇರೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ವರೆಗೆ ಬೆದೆಯ ಕಾಲ. ಆಗ ಗಂಡುಗಳು ಗರ್ಜಿಸುವ ಸದ್ದು ಕಣಿವೆಯಿಂದ ಕಣಿವೆಗೆ ಕೇಳುತ್ತದೆ. ಜಿಂಕೆಯು ಗರ್ಜಿಸುವುದೆಂದರೆ ನಮ್ಮವರಿಗೆ ನಗು ಬರಬಹುದು, ಕೇಳಿದವರು ನಗುವುದಿಲ್ಲ.

ಈ ಬೇಟೆಯನ್ನು ಕುರಿತು ವಿಲಿಯಂ ಸ್ಕ್ರೋಪ್ ಎಂಬಾತನು ೧೮೩೮ರಲ್ಲಿಯೇ ಒಂದು ಗ್ರಂಥವನ್ನು ಪ್ರಕಟಿಸಿದನು. ೧೮೫೨ರಲ್ಲಿ ಬಾಲ್ಮೊರಲ್ ಎಂಬ ಜಹಗೀರು ವಿಕ್ಟೋರಿಯಾ ರಾಣಿಯ ಮನೆತನದ ಕೈಸೇರಿದ ಮೇಲಂತೂ ಇದು ಶ್ರೀಮಂತರ ಗೀಳಾಯಿತು. ಆದರೆ ವಿದ್ಯೆಯು ಶ್ರೀಮಂತರಲ್ಲಿ ಇರಲಿಲ್ಲ. ಅದು ಇದ್ದುದು ಆ ಬೆಟ್ಟಗಳಲ್ಲಿಯೇ ಹುಟ್ಟಿ ಬೆಳೆದು ಸಂಬಳಕ್ಕೆ ದುಡಿಯುತ್ತಿದ್ದ ಸ್ಟಾಕರ್ ಎಂಬ ಮಾರ್ಗದರ್ಶಿಯಲ್ಲಿ, ಮತ್ತು ಗಿಲ್ಲಿ ಎಂಬ ಅವನ ಸಹಾಯಕನಲ್ಲಿ. ಲಾರ್ಡ್ ಲೋವಟ್ ಎಂಬಾತನು ೧೯೦೦ರಲ್ಲಿ ಬೋಯರ್ ಯುದ್ಧಕ್ಕೆಂದು ಇಂತಹ ಜನರನ್ನೇ ಕೂಡಿಸಿ ಒಂದು ಪಡೆ ಕಟ್ಟಿದನು. ಜಿಂಕೆಯ ಕಣ್ಣಿಗೆ ಬೀಳದೆ ಇರಬಲ್ಲವನು ಶತ್ರುವಿನ ಕಣ್ಣಿಗೂ ಬೀಳನು ಎಂಬುದು ಅವನ ಲೆಕ್ಕ. ಆ ಲೆಕ್ಕ ತಪ್ಪಲಿಲ್ಲ.

ಹಾಗಾದರೆ ಆ ಸ್ಟಾಕರನಿಗೆ ತಿಳಿದಿರುವುದೇನು? ಎಲ್ಲಕ್ಕಿಂತ ಮೊದಲು ಗಾಳಿ.

ಜಿಂಕೆಯು ಕಣ್ಣಾರೆ ಕಂಡದ್ದನ್ನು ಸಂದೇಹಿಸುವುದುಂಟು. ಕಿವಿಯಾರೆ ಕೇಳಿದ್ದನ್ನು ಇನ್ನೊಮ್ಮೆ ಕೇಳೋಣವೆಂದು ನಿಲ್ಲುವುದುಂಟು. ಆದರೆ ಮನುಷ್ಯನ ವಾಸನೆಯೊಂದು ಎಳೆ ಮೂಗಿಗೆ ತಾಕಿತೆಂದರೆ ವಿಚಾರಣೆಯೇ ಇಲ್ಲ. ಇಡೀ ಹಿಂಡು ದಿಬ್ಬ ದಾಟಿಹೋಗುತ್ತದೆ. ಆ ದಿನದ ಬೇಟೆ ಅಲ್ಲಿಗೆ ಮುಗಿಯಿತು. ಆದಕಾರಣ ಗಾಳಿಯು ಮೃಗದಿಂದ ತನ್ನ ಕಡೆಗೆ ಬೀಸುವಂತೆ ಬೇಟೆಗಾರನು ದಾರಿ ಹಿಡಿಯಬೇಕು ಎನ್ನುವುದು ಮೊದಲ ಪಾಠ. ಕೇಳುವುದಕ್ಕೆ ಇದು ಸುಲಭ. ಆದರೆ ಬೆಟ್ಟದಲ್ಲಿ ಗಾಳಿಯು ಬಯಲಿನಲ್ಲಿ ಬೀಸುವಂತೆ ನೇರವಾಗಿ ಬೀಸುವುದಿಲ್ಲ. ಬೆಳಗಿನ ತಂಪಿನಲ್ಲಿ ತಣ್ಣನೆಯ ಗಾಳಿಯು ಭಾರವಾಗಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಬಿಸಿಲೇರಿದಂತೆ ಅದೇ ಇಳಿಜಾರಿನಲ್ಲಿ ಮೇಲಕ್ಕೇರುತ್ತದೆ. ಬಟ್ಟಲಿನಂತಹ ಕಣಿವೆಗಳಲ್ಲಿ ಅದು ಒಂದು ಗೋಡೆಗೆ ಬಡಿದು ಸುಳಿದು ತಿರುಗಿ ಬರುತ್ತದೆ. ಮೋಡ ಹೋಗುವ ದಿಕ್ಕು ಒಂದಾದರೆ ಹುಲ್ಲು ಬಾಗುವ ದಿಕ್ಕು ಇನ್ನೊಂದು. ಸ್ಟಾಕರನು ನೂರು ಹೆಜ್ಜೆಗೊಮ್ಮೆ ಜೌಗುನೆಲದ ಹುಲ್ಲಿನ ಹತ್ತಿಯಂತಹ ನಾರನ್ನು ಕಿತ್ತು ಗಾಳಿಗೆ ಬಿಟ್ಟು ನೋಡುತ್ತಾನೆ. ಯಾವ ಗಾಳಿಯಲ್ಲಿ ಯಾವ ಕಣಿವೆಗೆ ಕಾಲಿಡಬಾರದು ಎಂಬುದನ್ನು ಅವನು ತಂದೆಯಿಂದಲೋ ಹಿರಿಯ ಸ್ಟಾಕರನಿಂದಲೋ ಕಲಿತಿರುತ್ತಾನೆ. ಇಂದು ಮೈಯ ಬಿಸುಪನ್ನೇ ಕಂಡುಹಿಡಿಯುವ ದುರ್ಬೀನುಗಳು ಬಂದಿವೆ. ಅವು ಜಿಂಕೆಯಿರುವ ಜಾಗವನ್ನು ತೋರಿಸಿಯಾವು, ಗಾಳಿಯ ಸುಳಿಯನ್ನು ತೋರಿಸಲಾರವು.

ಜಿಂಕೆಯೂ ಗಾಳಿಯನ್ನು ಬಲ್ಲದು. ಅದು ಮಲಗುವಾಗ ಸಾಮಾನ್ಯವಾಗಿ ಗಾಳಿಯನ್ನು ಬೆನ್ನಿಗಿಟ್ಟುಕೊಂಡು, ಮುಖವನ್ನು ಕೆಳಗಿನ ಇಳಿಜಾರಿಗೆ ತಿರುಗಿಸಿಕೊಂಡು ಮಲಗುತ್ತದೆ. ಹಿಂದಿನಿಂದ ಬಂದವನನ್ನು ಮೂಗು ಹಿಡಿಯುತ್ತದೆ, ಮುಂದಿನಿಂದ ಬಂದವನನ್ನು ಕಣ್ಣು ಹಿಡಿಯುತ್ತದೆ. ಉಳಿದಿರುವುದು ಪಕ್ಕ ಮತ್ತು ಮೇಲುಗಡೆ. ಆದ್ದರಿಂದಲೇ ಅನುಭವವುಳ್ಳವನು ಹಿಂಡನ್ನು ಕಂಡ ಕೂಡಲೆ ಅದರ ಕಡೆಗೆ ನಡೆಯುವುದಿಲ್ಲ. ಎರಡು ಮೂರು ಮೈಲಿ ಸುತ್ತಿ, ಬೆಟ್ಟದ ಬೆನ್ನೇರಿ, ಅಡ್ಡಗಾಳಿಯಲ್ಲಿ ಮೇಲಿನಿಂದ ಇಳಿದು ಬರುತ್ತಾನೆ. ಹೊಸಬನಿಗೆ ಈ ಸುತ್ತು ವ್ಯರ್ಥ ಪ್ರಯಾಸವಾಗಿ ತೋರುತ್ತದೆ. ಕಾಣಿಸುತ್ತಿರುವ ಮೃಗವನ್ನು ಕಣ್ಮರೆ ಮಾಡಿಕೊಂಡು ನಡೆಯುವುದು ಮನಸ್ಸಿಗೆ ಬಹಳ ಕಷ್ಟ!

ಕಾಣುವುದೂ ಒಂದು ವಿದ್ಯೆಯೇ. ಹಳೆಯ ಸ್ಟಾಕರರು ಮೂರು ಮಡಿಕೆಯ ಹಿತ್ತಾಳೆಯ ದುರ್ಬೀನನ್ನು ಊರುಗೋಲಿಗೆ ಆನಿಸಿ, ಅಂಗಾತ ಒರಗಿ, ಒಂದೇ ಬೆಟ್ಟವನ್ನು ಅರ್ಧ ಗಂಟೆ ನೋಡುತ್ತಿದ್ದರು. ಮೊದಲು ಹತ್ತಿರದ ನೆಲ, ಆಮೇಲೆ ದೂರದ್ದು. ಚಿತ್ರಪಟದಲ್ಲಿರುವಂತೆ ಇಡೀ ಜಿಂಕೆಯನ್ನು ಹುಡುಕುವವನಿಗೆ ಜಿಂಕೆ ಸಿಗುವುದಿಲ್ಲ. ಹುಡುಕಬೇಕಾದ್ದು ಅದರ ಒಂದು ತುಣುಕನ್ನು: ಹೀದರ್ ಗಿಡಗಳ ನಡುವೆ ಅಲುಗಿದ ಒಂದು ಕಿವಿ, ಓರೆಯಾದ ಬಂಡೆಗಳ ನಡುವೆ ಮಟ್ಟವಾಗಿ ಕಾಣುವ ಒಂದು ಬೆನ್ನಿನ ಗೆರೆ, ಹಿಂಭಾಗದ ತಿಳಿಬಣ್ಣದ ಮಚ್ಚೆ.

ಜಿಂಕೆಯ ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಸುತ್ತಣ ಬಹುಭಾಗ ಅದಕ್ಕೆ ತಲೆ ತಿರುಗಿಸದೆಯೇ ಕಾಣುತ್ತದೆ. ಕೆಂಪು ಬಣ್ಣವನ್ನು ಅದು ನಮ್ಮಂತೆ ಬೇರ್ಪಡಿಸಿ ಕಾಣಲಾರದು; ನೀಲಿಯನ್ನು ಚೆನ್ನಾಗಿ ಕಾಣುತ್ತದೆ. ಆದರೆ ಬಣ್ಣಕ್ಕಿಂತಲೂ ಅದು ಹಿಡಿಯುವುದು ಚಲನೆಯನ್ನು. ಎದುರಿಗೇ ಕುಳಿತಿದ್ದರೂ ಕದಲದ ಮನುಷ್ಯನು ಒಂದು ಬಂಡೆ. ಇನ್ನೂರು ಗಜದಾಚೆ ಕೈಯೆತ್ತಿದವನು ಮನುಷ್ಯ. ಹಿಂಡಿನಲ್ಲಿ ವಯಸ್ಸಾದ ಹೆಣ್ಣೊಂದಿರುತ್ತದೆ, ಕಾವಲು ಅದರದು. ಅದು ತಲೆಯೆತ್ತಿ ನಿಮ್ಮತ್ತ ದಿಟ್ಟಿಸಿತೆಂದರೆ ಇದ್ದ ಭಂಗಿಯಲ್ಲಿಯೇ ಇರಬೇಕು, ಮೊಣಕೈ ಜೌಗುನೀರಿನಲ್ಲಿದ್ದರೂ ಸರಿ, ಸೊಳ್ಳೆಯ ಜಾತಿಯ ಸಣ್ಣ ನುಸಿಗಳು ಮುಖ ಮುತ್ತಿದ್ದರೂ ಸರಿ. ಸ್ವಲ್ಪ ಹೊತ್ತಿನ ಮೇಲೆ ಅದು ಮೇಯುವುದಕ್ಕೆಂದು ತಲೆ ತಗ್ಗಿಸುತ್ತದೆ. ಬದುಕಿದೆನೆಂದು ನೀವು ಕದಲಿದಿರೋ, ಅರೆನಿಮಿಷದಲ್ಲಿ ಥಟ್ಟನೆ ಮತ್ತೆ ತಲೆಯೆತ್ತುತ್ತದೆ. ಆ ಮೊದಲ ತಗ್ಗಿಸುವಿಕೆ ಮೇಯುವುದಕ್ಕಲ್ಲ. ನಮ್ಮ ಕಾಡಿನಲ್ಲಿ ಮುಸುವ ಮತ್ತು ನವಿಲು ಕೂಗಿ ಜಿಂಕೆಗಳಿಗೆ ಸುಳಿವು ಕೊಡುವಂತೆ, ಅಲ್ಲಿ ಕಾಲಡಿಯಿಂದೇಳುವ ಗ್ರೌಸ್ ಹಕ್ಕಿ, ಬೆದರಿ ಓಡುವ ಕುರಿ, ಎರಡೂ ಬೇಟೆಗಾರನ ಗುಟ್ಟನ್ನು ಹೊರಗೆಡಹುತ್ತವೆ. ಬಲ್ಲವನು ಅವನ್ನೂ ಸುತ್ತಿಕೊಂಡು ಹೋಗುತ್ತಾನೆ.

ಈ ವಿದ್ಯೆಯನ್ನು ಬಂದೂಕಿಲ್ಲದೆ ಸಾಧಿಸಿದವನೊಬ್ಬನನ್ನು ಇಲ್ಲಿ ನೆನೆಯಬೇಕು. ಫ್ರೇಸರ್ ಡಾರ್ಲಿಂಗ್ ಎಂಬ ವಿಜ್ಞಾನಿಯು ಕೆಂಜಿಂಕೆಗಳ ಹಿಂಡಿನ ಬಾಳನ್ನು ತಿಳಿಯುವುದಕ್ಕಾಗಿ ಸ್ಕಾಟ್ಲೆಂಡಿನ ವಾಯವ್ಯದ ಬೆಟ್ಟಗಳಲ್ಲಿ ಅವುಗಳ ಹಿಂದೆ ಅಲೆದು, ೧೯೩೭ರಲ್ಲಿ ತಾನು ಕಂಡುದನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ಬೇಸಗೆಯಲ್ಲಿ ಆತನು ಪಾದರಕ್ಷೆಗಳನ್ನು ಬಿಟ್ಟು ಬರಿಗಾಲಿನಲ್ಲಿಯೇ ನಡೆಯುತ್ತಿದ್ದನು. ಬರಿಗಾಲಿನವನು ನೋಡಿ ಹೆಜ್ಜೆಯಿಡುತ್ತಾನೆ. ನೋಡಿ ಹೆಜ್ಜೆಯಿಡುವವನು ನಿಧಾನವಾಗಿ ನಡೆಯುತ್ತಾನೆ. ನಿಧಾನವಾಗಿ ನಡೆಯುವವನಿಗೆ ಕಾಣುವುದು ಹೆಚ್ಚು. ನಮ್ಮ ಹಳ್ಳಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಗುಂಡಿನ ವಿಷಯ. ಜನರು ಬೇಟೆಯೆಂದರೆ ಇದೊಂದೇ ಎಂದು ತಿಳಿದಿರುವುದರಿಂದ ಇದನ್ನು ಚಿಕ್ಕದಾಗಿಯೇ ಮುಗಿಸುತ್ತೇನೆ. ಕೆಂಜಿಂಕೆಗೆ ಬಳಸುವ ಗುಂಡು ೮೦ ಗ್ರೇನಿಗಿಂತ ಕಡಮೆ ತೂಕದ್ದಾಗಿರಕೂಡದು, ಸೆಕೆಂಡಿಗೆ ೨,೪೫೦ ಅಡಿಗಿಂತ ಕಡಮೆ ವೇಗದ್ದಾಗಿರಕೂಡದು ಎಂದು ಅಲ್ಲಿನ ನಿಬಂಧನೆಯಿದೆ. ಮೃಗವು ನರಳಬಾರದೆಂಬುದೇ ಇದರ ಉದ್ದೇಶ. ಅತಿಥಿಯಾಗಿ ಬಂದವನು ಎಷ್ಟು ದೊಡ್ಡ ಮನುಷ್ಯನಾದರೂ ಬೆಟ್ಟ ಹತ್ತುವ ಮುನ್ನ ಸ್ಟಾಕರನ ಎದುರಿಗೆ ಗುರಿಯೊಂದಕ್ಕೆ ಹೊಡೆದು ತೋರಿಸಬೇಕೆಂಬುದು ವಾಡಿಕೆ. ಗುರಿಯಿಡಬೇಕಾದ್ದು ಮುಂಗಾಲಿನ ಹಿಂದೆ, ಎದೆಯ ಮೂರನೆಯ ಒಂದು ಭಾಗದ ಎತ್ತರದಲ್ಲಿ. ಹೃದಯವೂ ಪುಪ್ಪುಸಗಳೂ ಅಲ್ಲಿವೆ. ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತ ಮೃಗಕ್ಕೆ ಹೊಡೆಯಲೇಕೂಡದು. ತಪ್ಪಿದ ಗುಂಡು ಮೈಲಿಗೂ ಆಚೆ ಹೋಗಿ ಯಾರನ್ನು ತಾಕೀತೋ ತಿಳಿಯದು. ನಾಲ್ಕು ಗಂಟೆ ತೆವಳಿ ಬಂದು, ಉಸಿರು ಇನ್ನೂ ಏರಿಳಿಯುತ್ತಿರುವಾಗ, ಮೃಗವು ಓರೆಯಾಗಿ ತಿರುಗಿ ನಿಂತಿದ್ದರೆ, ಹೊಡೆಯದೆ ಬಿಡುವವನೇ ಒಳ್ಳೆಯ ಬೇಟೆಗಾರ.

ಹೊಡೆದ ಮೇಲೆ ಅವಸರ ಕೂಡದು. ಹೃದಯಕ್ಕೆ ಗುಂಡು ತಾಕಿದ ಜಿಂಕೆಯೂ ನೂರು ಗಜ ಓಡಿ ಬೀಳುವುದುಂಟು. ನೆಲದ ಮೇಲಿನ ರಕ್ತವನ್ನು ಓದಬೇಕು: ನೊರೆಗೂಡಿದ ತಿಳಿಗೆಂಪಾದರೆ ಪುಪ್ಪುಸದ್ದು, ಕಪ್ಪುಗೆಂಪಾದರೆ ಯಕೃತ್ತಿನದು, ಹಸುರು ಬೆರೆತಿದ್ದರೆ ಹೊಟ್ಟೆಯದು. ಈ ಕೊನೆಯದೇ ಬೇಟೆಗಾರನಿಗೆ ಕೇಡಿನ ಗುರುತು. ಕೂಡಲೆ ಬೆನ್ನಟ್ಟಿದರೆ ಆ ಪ್ರಾಣಿಯು ಮೈಲಿಗಟ್ಟಲೆ ಓಡಿ ಎಲ್ಲಿಯೋ ಬಂಡೆಯ ಸಂದಿಯಲ್ಲಿ ನರಳಿ ಸಾಯುತ್ತದೆ. ಸುಮ್ಮನೆ ಕಾದು, ಅದು ಮಲಗಿದ ಮೇಲೆ, ನಾಯಿಯ ಸಹಾಯದಿಂದ ಹುಡುಕಿ ಕೊನೆಗಾಣಿಸಬೇಕು. ಎಷ್ಟು ಹೊತ್ತಾದರೂ ಹುಡುಕಬೇಕು. ಆಮೇಲೆ ಅಲ್ಲಿಯೇ ಒಡಲನ್ನು ಬಗೆದು ಕರುಳನ್ನು ತೆಗೆದು, ರೋಗದ ಗುರುತುಗಳಿವೆಯೇ ಎಂದು ಗ್ರಂಥಿಗಳನ್ನು ಪರೀಕ್ಷಿಸುತ್ತಾರೆ. ಮೊದಲು ಬೆಟ್ಟದ ಕುದುರೆಯ ಬೆನ್ನ ಮೇಲೆ ಹೇರಿ ತರುತ್ತಿದ್ದರು. ಕೆಲವು ಕಡೆ ಈಗಲೂ ಹಾಗೆಯೇ ತರುತ್ತಾರೆ.

ಇಷ್ಟೆಲ್ಲ ಕಷ್ಟಪಟ್ಟು ಆ ಸಾಧುಮೃಗವನ್ನು ಕೊಲ್ಲುವುದೇತಕ್ಕೆ ಎಂದು ತಾವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನಮ್ಮ ಬಂಡೀಪುರವನ್ನು ಮೈಸೂರು ಸಂಸ್ಥಾನವು ೧೯೩೧ರಲ್ಲಿಯೇ ರಕ್ಷಿತಾರಣ್ಯವನ್ನಾಗಿ ಮಾಡಿತು. ಅಲ್ಲಿ ಹುಲಿಯುಂಟು, ಚಿರತೆಯುಂಟು, ಸೀಳುನಾಯಿಗಳ ಹಿಂಡುಂಟು. ಜಿಂಕೆಯ ಲೆಕ್ಕವನ್ನು ಅವು ನೋಡಿಕೊಳ್ಳುತ್ತವೆ. ಸ್ಕಾಟ್ಲೆಂಡಿನಲ್ಲಿ ತೋಳವು ಹದಿನೆಂಟನೆಯ ಶತಮಾನದ ಹೊತ್ತಿಗೆ ನಿರ್ಮೂಲವಾಯಿತು. ಆ ಬಳಿಕ ಬೆಳೆದ ಜಿಂಕೆಗೆ ಶತ್ರುಗಳೇ ಇಲ್ಲ. ಎಲ್ಲ ಜಾತಿಯ ಜಿಂಕೆಗಳೂ ಕೂಡಿ ಈಗ ಅಲ್ಲಿ ಹತ್ತು ಲಕ್ಷದ ಹತ್ತಿರವಿರಬಹುದೆಂದು ಅಂದಾಜು. ಪೈನ್ ಮತ್ತು ಬರ್ಚ್ ಸಸಿಗಳು ಮೊಳಕೈಯುದ್ದ ಬೆಳೆಯುವ ಮೊದಲೇ ಅವು ಮೇದುಬಿಡುತ್ತವೆ. ಬೇಲಿಯ ಒಳಗೆ ಕಾಡು, ಹೊರಗೆ ಬೋಳು. ಕಡುಚಳಿಗಾಲದಲ್ಲಿ ಮೇವಿಲ್ಲದೆ ಹಿಂಡುಹಿಂಡಾಗಿ ಸಾಯುವುದೂ ಉಂಟು. ೧೯೫೯ರ ಕಾಯಿದೆಯು ಕೆಂಜಿಂಕೆಗಳ ರಕ್ಷಣೆಯನ್ನೂ ನಿಯಂತ್ರಣವನ್ನೂ ಒಂದೇ ಆಯೋಗಕ್ಕೆ ವಹಿಸಿತು. ಮೊದಲು ಗಂಡನ್ನು ಜುಲೈ ೧ರಿಂದ ಅಕ್ಟೋಬರ್ ೨೦ರ ವರೆಗೆ ಮಾತ್ರ ಹೊಡೆಯಬಹುದಾಗಿತ್ತು. ೨೦೨೩ರಲ್ಲಿ ಆ ಕಟ್ಟನ್ನೂ ತೆಗೆದರು.

ಆದರೆ ಕೊಂಬಿನ ಗಂಡನ್ನು ಹೊಡೆದರೆ ಸಂಖ್ಯೆ ತಗ್ಗುವುದಿಲ್ಲವಷ್ಟೆ. ತಗ್ಗಿಸುವ ಕೆಲಸವಿರುವುದು ಹೆಣ್ಣುಗಳಲ್ಲಿ. ಅತಿಥಿಗಳೆಲ್ಲ ಊರಿಗೆ ಹೋದ ಮೇಲೆ, ಅಕ್ಟೋಬರ್ ೨೧ರಿಂದ ಫೆಬ್ರವರಿ ೧೫ರ ವರೆಗೆ, ಹಿಮದಲ್ಲಿಯೂ ಮಳೆಯಲ್ಲಿಯೂ ಸ್ಟಾಕರನೊಬ್ಬನೇ ಆ ಕೆಲಸ ಮಾಡುತ್ತಾನೆ. ನಡುಚಳಿಗಾಲದಲ್ಲಿ ಹಗಲಿನ ಬೆಳಕು ಏಳು ಗಂಟೆಯೂ ಇರುವುದಿಲ್ಲ. ಜೂನ್ ತಿಂಗಳಲ್ಲಿ ಹುಟ್ಟಿದ ಮರಿಯು ಮೊದಲ ಚಳಿಗಾಲವನ್ನು ತಾಯಿಯ ಆಸರೆಯಿಲ್ಲದೆ ಕಳೆಯುವುದು ಕಷ್ಟ; ತಾಯಿಯನ್ನು ಮಾತ್ರ ಕೊಂದರೆ ಅದು ಹಸಿವಿನಿಂದಲೂ ಚಳಿಯಿಂದಲೂ ದಿನದಿನಕ್ಕೆ ಸಾಯುತ್ತದೆ. ಆದುದರಿಂದ ತಾಯಿಯನ್ನು ತೆಗೆಯುವವನು ಮರಿಯನ್ನೂ ತೆಗೆಯಬೇಕು. ಇದು ಆ ಜನರ ನಿಯಮ. ಇಪ್ಪತ್ತು ಮೂವತ್ತು ಹೆಣ್ಣುಗಳ ನಡುವೆ ಯಾವ ಮರಿ ಯಾರದೆಂದು ತಿಳಿಯುವುದಕ್ಕೆ ದುರ್ಬೀನನ್ನು ಕಣ್ಣಿಗೊತ್ತಿಕೊಂಡು ಅವನು ಹಿಮದ ಮೇಲೆ ಮಲಗಿ ಕಾಯುತ್ತಾನೆ. ಯಾವುದು ಯಾವುದನ್ನು ಹಿಂಬಾಲಿಸುತ್ತದೆ, ಯಾವುದರ ಪಕ್ಕಕ್ಕೆ ಹೋಗಿ ಒರಗುತ್ತದೆ ಎಂದು ನೋಡುತ್ತಾನೆ. ಗುರುತು ಹತ್ತದಿದ್ದರೆ ಬಂದೂಕನ್ನು ಚೀಲಕ್ಕೆ ಸೇರಿಸಿ, ಹಿಂಡಿಗೆ ತಿಳಿಯದಂತೆ ಬಂದ ದಾರಿಯಲ್ಲಿಯೇ ತೆವಳಿಕೊಂಡು ಹಿಂದಿರುಗಿ, ಕತ್ತಲಾಗುವುದರೊಳಗೆ ಬೆಟ್ಟವಿಳಿಯುತ್ತಾನೆ.