‘ಎರಡೇ ಪುಟ ಅಲ್ವಾ, ಕನ್ನಡ ಮಾಡ್ಕೊಡಪ್ಪ’: ಅನುವಾದಕ್ಕೆ ಕೂಲಿ ಲೆಕ್ಕ ಹಾಕೋದು ಹೇಗೆ?

ಕಡೂರು: ಅಡಿಕೆ ಸುಲಿಯೋರಿಗೆ ಕೆ.ಜಿ. ಲೆಕ್ಕ, ತೆಂಗಿನಕಾಯಿ ಕೀಳೋರಿಗೆ ಮರದ ಲೆಕ್ಕ, ಗಾರೆ ಕೆಲಸದವರಿಗೆ ದಿನದ ಲೆಕ್ಕ. ಇಂಗ್ಲಿಷ್ ನೋಟಿಸನ್ನ ಕನ್ನಡ ಮಾಡಿ ಕೊಡೋನಿಗೆ ಯಾವ ಲೆಕ್ಕ? ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಸಾಮಾನ್ಯವಾಗಿ ಸಿಗೋ ಉತ್ತರ ಒಂದೇ: "ಎರಡೇ ಪುಟ ಅಲ್ವಾ, ಟೀ ಕುಡಿಸ್ತೀನಿ ಬಾರಪ್ಪ."

ಸುದ್ದಿ ಬರೆಯೋದರ ಜೊತೆಗೆ ಅನುವಾದ ಮಾಡಿಕೊಂಡು ಬದುಕ್ತಿರೋರಲ್ಲಿ ನಾನೂ ಒಬ್ಬ. ಡಿಗ್ರಿ ಅರ್ಧಕ್ಕೇ ಬಿಟ್ಟೆ. ಸುದ್ದಿಯಿಂದ ಬರೋದು ಬೈಕಿನ ಪೆಟ್ರೋಲಿಗೆ ಸರಿಹೋಗುತ್ತೆ, ಮನೆ ನಡೆಯೋದು ಅನುವಾದದಿಂದ. ಈ ಕೆಲಸ ಅಂದ್ರೆ ಏನು, ದುಡ್ಡು ಯಾಕೆ ಕೇಳ್ತೀವಿ, ಅಂಗಡಿಯವರು ಮತ್ತು ರೈತರು ಯಾವ ಕಾಗದವನ್ನ ಯಾರ ಕೈಗೆ ಕೊಡಬೇಕು ಅನ್ನೋದನ್ನ ಇಲ್ಲಿ ವಿವರಿಸ್ತೀನಿ.

ಕೆಲಸ ಎಲ್ಲಿಂದ ಬರುತ್ತೆ?

ಇದೇನೂ ಹೊಸ ಕಸುಬಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತಿರ ಕೂರುವ ಪತ್ರ ಬರಹಗಾರರು, ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯೋರು ಇದೇ ಕೆಲಸ ಮಾಡ್ತಾ ಬಂದಿದ್ದಾರೆ. ನೀವು ಬಾಯಲ್ಲಿ ಹೇಳಿದ್ದನ್ನ ಕಚೇರಿ ಒಪ್ಪುವ ಭಾಷೆಗೆ ತಿರುಗಿಸೋದೂ ಒಂಥರಾ ಅನುವಾದವೇ. ಅವರಿಗೆ ದುಡ್ಡು ಕೊಡೋಕೆ ಯಾರೂ ಹಿಂದೆಮುಂದೆ ನೋಡಲ್ಲ.

ಎರಡನೇದು ಕೋರ್ಟು ಕಾಗದ. ತಾಲ್ಲೂಕು ಕೋರ್ಟಿನಲ್ಲಿ ಕನ್ನಡದ ದಾಖಲೆ ನಡೆಯುತ್ತೆ. ಕೇಸು ಹೈಕೋರ್ಟಿಗೆ ಹೋದರೆ ಸಂವಿಧಾನದ 348ನೇ ವಿಧಿ ಪ್ರಕಾರ ಅಲ್ಲಿನ ಭಾಷೆ ಇಂಗ್ಲಿಷ್. ಆಗ ಕ್ರಯಪತ್ರ, ಪಹಣಿ, ಸಾಕ್ಷಿ ಹೇಳಿಕೆ ಎಲ್ಲಾ ಇಂಗ್ಲಿಷ್ ಆಗಬೇಕು.

ಮೂರನೇದು ಅಂಗಡಿಯವರ ಕೆಲಸ. 2024ರಲ್ಲಿ ಕಾಯ್ದೆ ತಿದ್ದುಪಡಿ ಆದಮೇಲೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಬೋರ್ಡು, ಬಿಲ್ ಬುಕ್ಕು, ಪೊಟ್ಟಣದ ಮೇಲಿನ ಲೇಬಲ್ಲು ಎಲ್ಲಕ್ಕೂ ಯಾರಾದ್ರೂ ಕನ್ನಡ ಬರೆಯಲೇಬೇಕು. ಇವೆಲ್ಲದರ ಜೊತೆಗೆ ಬೆಂಗಳೂರು ಕಂಪನಿಗಳ ಆ್ಯಪ್, ಜಾಹೀರಾತು, ಬಳಕೆ ಸೂಚನೆ. ಒಂದು ಲ್ಯಾಪ್‌ಟಾಪು, ನೆಟ್ಟು ಇದ್ದರೆ ಅಜ್ಜಂಪುರದಲ್ಲೇ ಕೂತು ಮಾಡಬಹುದು.

ಒಂದು ಪದ ತಪ್ಪಿದರೆ ಏನಾಗುತ್ತೆ?

ಜಮೀನಿನ ಕಾಗದದಲ್ಲಿ ‘ಟೈಟಲ್’ ಅಂದ್ರೆ ಮಾಲೀಕತ್ವದ ಹಕ್ಕು, ಪುಸ್ತಕದ ಶೀರ್ಷಿಕೆ ಅಲ್ಲ. ‘ಚಾರ್ಜ್’ ಅಂತಿದ್ರೆ ಜಮೀನಿನ ಮೇಲೆ ಸಾಲದ ಭೋಜಾ ಕೂತಿದೆ ಅಂತ ಅರ್ಥ. ಅದನ್ನ ‘ಶುಲ್ಕ’ ಅಂತ ಓದಿಕೊಂಡು ಜಮೀನು ತಗೊಂಡೋನ ಗತಿ ಏನು? ಭದ್ರಾ ಮೇಲ್ದಂಡೆ ಕಾಲುವೆಗೆ ಜಮೀನು ಬಿಟ್ಟಿರೋ ಕಡೆ ‘ಅವಾರ್ಡ್’ ಅನ್ನೋ ಪದ ಬರುತ್ತೆ. ಅದು ಪ್ರಶಸ್ತಿ ಅಲ್ಲ, ಭೂಸ್ವಾಧೀನದಲ್ಲಿ ಪರಿಹಾರ ನಿಗದಿ ಮಾಡುವ ಐತೀರ್ಪು.

ಇನ್ನೊಂದು ಜೋಡಿ ನೋಡಿ, ‘ಮೇ’ ಮತ್ತು ‘ಶಲ್’. ಮೊದಲನೇದು ಮಾಡಬಹುದು, ಎರಡನೇದು ಮಾಡತಕ್ಕದ್ದು. ನೋಟಿಸಿನಲ್ಲಿ ‘ಉತ್ತರ ಕೊಡತಕ್ಕದ್ದು’ ಅಂತ ಇರೋದನ್ನ ‘ಕೊಡಬಹುದು’ ಅಂತ ತಿಳಿದು ಸುಮ್ಮನೆ ಕೂತರೆ ಗಡುವು ಮುಗಿದೇ ಹೋಗುತ್ತೆ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಎಲ್ಲರಿಗೂ ನೆನಪಿದೆ. ಆಗ ಬಹಳ ಜನ ಗಾಬರಿ ಆಗಿದ್ದು ‘ಟರ್ನೋವರ್’ ಅನ್ನೋ ಪದಕ್ಕೆ. ಅದು ಒಟ್ಟು ವಹಿವಾಟು, ಲಾಭ ಅಲ್ಲ. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹಾಲು, ತರಕಾರಿಯಂಥ ವಿನಾಯಿತಿ ಸರಕಿಗೆ ತೆರಿಗೆನೇ ಇಲ್ಲ. ‘ವಹಿವಾಟು’, ‘ಲಾಭ’, ‘ವಿನಾಯಿತಿ’ ಈ ಮೂರು ಪದ ಸರಿಯಾಗಿ ತಿಳಿದಿದ್ದೋರಿಗೆ ಆಡಿಟರ್ ಹತ್ತಿರ ಏನು ಕೇಳಬೇಕು ಅನ್ನೋದಾದ್ರೂ ಗೊತ್ತಿತ್ತು.

ಹಂಗಾಗಿ ಎರಡು ಪುಟಕ್ಕೆ ನಾವು ದುಡ್ಡು ಕೇಳೋದು ಬರೀ ಟೈಪ್ ಮಾಡಿದ್ದಕ್ಕಲ್ಲ. ಪ್ರತಿ ಪದದ ಅರ್ಥ ಹುಡುಕಿ, ಹೊಂದಿಸಿ, ಮತ್ತೆ ಮೂಲದ ಜೊತೆ ಇಟ್ಟು ತಾಳೆ ನೋಡಿದ್ದಕ್ಕೆ. ಒಬ್ಬ ಅನುವಾದಕ ದಿನಕ್ಕೆ ಸರಿಯಾಗಿ ಮಾಡೋಕಾಗೋದು ಸುಮಾರು 2000 ಪದ. ಕಾನೂನು ಕಾಗದ ಆದ್ರೆ ಇನ್ನೂ ಕಮ್ಮಿ.

ಮೊಬೈಲಲ್ಲೇ ಆಗುತ್ತಲ್ಲ?

ಆಗುತ್ತೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಕೇಂದ್ರ ಸರ್ಕಾರದ ‘ಭಾಷಿಣಿ’ 2022ರಲ್ಲಿ ಬಂತು. ಈಗ ಎಐ ಆ್ಯಪ್‌ಗಳೂ ಇವೆ. ಔಷಧಿ ಡಬ್ಬಿ ಮೇಲೆ ಏನಿದೆ, ಸಪ್ಲೈಯರ್ ಮೆಸೇಜಿನಲ್ಲಿ ಏನು ಬರೆದಿದ್ದಾನೆ ಅಂತ ಸುಮಾರಾಗಿ ತಿಳಿಯೋಕೆ ಅದು ಸಾಕು, ನಾನೂ ಬಳಸ್ತೀನಿ. ಆದ್ರೆ ನೀವು ಸಹಿ ಹಾಕೋ ಕಾಗದಕ್ಕೆ, ಗಡುವು ಇರೋ ನೋಟಿಸಿಗೆ, ಸಾಲ ಮತ್ತು ವಿಮೆ ಕರಾರಿಗೆ ಅದನ್ನ ನೆಚ್ಚಿಕೊಳ್ಳಬೇಡಿ. ಯಂತ್ರ ತಪ್ಪು ಮಾಡಿದರೆ ಕೇಳೋಕೆ ಆಳು ಇರಲ್ಲ.

ನಮ್ಮ ಹೊಟ್ಟೆಪಾಡಿಗೆ ಬಿದ್ದಿರೋ ಪೆಟ್ಟೂ ಇಲ್ಲೇ. ಕೆಲವು ಏಜೆನ್ಸಿಯವರು ಈಗ ಯಂತ್ರದ ಕನ್ನಡ ಕಳಿಸಿ, "ಸ್ವಲ್ಪ ತಿದ್ದಿ ಕೊಡಿ ಸಾಕು" ಅಂತ ಕಮ್ಮಿ ದರ ಹೇಳ್ತಾರೆ. ಎಷ್ಟೋ ಸಲ ಆ ಕನ್ನಡ ತಿದ್ದೋದಕ್ಕಿಂತ ಹೊಸದಾಗಿ ಬರೆಯೋದೇ ಬೇಗ ಆಗುತ್ತೆ. ದರ ಮಾತ್ರ ತಿದ್ದುಪಡಿದೇ. ಅದಕ್ಕೇ ಒಂದು ಪುಟ ತಿದ್ದಿ ನೋಡದೆ ದರ ಒಪ್ಪಬಾರದು.

ಪದದ ಲೆಕ್ಕದಲ್ಲಿರೋ ಮರ್ಮ

ಈ ಕೆಲಸಕ್ಕೆ ಇಳಿಯೋ ಹುಡುಗ, ಹುಡುಗಿಯರು ಇದನ್ನ ಗಮನಿಸಬೇಕು. ಕಂಪನಿಗಳು ಪದಕ್ಕೆ ಇಷ್ಟು ಅಂತ ಕೊಡ್ತವೆ. ಆದ್ರೆ ಯಾವ ಭಾಷೆಯ ಪದ? ‘ಟು ದೋಸ್ ಹೂ ಕೇಮ್ ಫ್ರಮ್ ದಿ ವಿಲೇಜ್’ ಅಂದ್ರೆ ಇಂಗ್ಲಿಷಿನಲ್ಲಿ 7 ಪದ. ಕನ್ನಡದಲ್ಲಿ ‘ಊರಿಂದ ಬಂದವರಿಗೆ’, ಎರಡೇ ಪದ. ನಮ್ಮ ಭಾಷೆಯಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳೋದರಿಂದ ಹೀಗಾಗುತ್ತೆ. ಪದಕ್ಕೆ ಒಂದು ರೂಪಾಯಿ ಅಂದುಕೊಳ್ಳಿ. ಇಂಗ್ಲಿಷ್ ಎಣಿಸಿದರೆ 7 ರೂಪಾಯಿ, ಕನ್ನಡ ಎಣಿಸಿದರೆ 2. ಇಂಗ್ಲಿಷಿಂದ ಕನ್ನಡಕ್ಕೆ ಮಾಡುವಾಗ ಮೂಲದ ಪದ ಎಣಿಸೋದು ಅಂತ ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ. ಕನ್ನಡದಿಂದ ಇಂಗ್ಲಿಷಿಗೆ ಆದ್ರೆ ಉಲ್ಟಾ.

ಬಾಕಿ ವಸೂಲಿ

ಹೊರಗಿನ ಒಂದು ಏಜೆನ್ಸಿ ನನ್ನ ದುಡ್ಡನ್ನ ನಾಲ್ಕು ತಿಂಗಳು ಎಳೀತು. ಫೋನ್ ಮಾಡಿದ್ರೆ ‘ಅಕೌಂಟ್ಸ್‌ನವರು ರಜಾ’. ಇದಕ್ಕೊಂದು ದಾರಿ ಇದೆ. ಅನುವಾದಕರು ಕೂಡ ‘ಉದ್ಯಮ್’ ಪೋರ್ಟಲಿನಲ್ಲಿ ಸೇವಾ ಉದ್ಯಮವಾಗಿ ನೋಂದಣಿ ಮಾಡಿಸಬಹುದು. ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕ ಇಲ್ಲ. ಸಣ್ಣ ಉದ್ಯಮಗಳ 2006ರ ಕಾಯ್ದೆ ಪ್ರಕಾರ ನೋಂದಣಿ ಇರೋರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡ ಆದ್ರೆ ಬಡ್ಡಿ ಸೇರಿಸಿ ಕೊಡಬೇಕು. ಕೆಲಸ ಒಪ್ಪಿಕೊಳ್ಳೋಕೆ ಮುಂಚೆನೇ ನೋಂದಣಿ ಮಾಡಿಸಿರಬೇಕು ಅಷ್ಟೇ. ಕಂಪನಿಯವರು ಶೇ 10 ಟಿಡಿಎಸ್ ಹಿಡಿದಿದ್ರೆ, ನಿಮ್ಮ ಆದಾಯ ತೆರಿಗೆ ಮಿತಿಯೊಳಗಿದ್ದಲ್ಲಿ ರಿಟರ್ನ್ ಹಾಕಿ ವಾಪಸ್ ತಗೋಬಹುದು.

ಹೆಸರೂ ಒಂದು ಕೂಲಿ

2025ರ ಮೇನಲ್ಲಿ ನಮ್ಮ ಪಕ್ಕದ ಹಾಸನದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಬಂತು. 50,000 ಪೌಂಡ್ ಬಹುಮಾನದಲ್ಲಿ ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರಿಗೆ. ಕೊಡಗಿನಲ್ಲಿದ್ದುಕೊಂಡೇ ಅನುವಾದ ಮಾಡೋರು ಅವರು. ಬರೆದವರಿಗೆ ಸಮನಾಗಿ ಅನುವಾದಿಸಿದವರಿಗೂ ಪಾಲು ಅನ್ನೋದು ಆ ಪ್ರಶಸ್ತಿಯ ನಿಯಮ. ನಮ್ಮಲ್ಲೂ ಅಜ್ಜಂಪುರ ಜಿ. ಸೂರಿ ಅವರು ಊರಿನ ಹೆಸರು ಮುಂದಿಟ್ಟುಕೊಂಡು ಅನುವಾದಕರಾಗಿ ಹೆಸರು ಮಾಡಿದವರು. ಪುಸ್ತಕ ಅನುವಾದಿಸಬೇಕು ಅನ್ನೋರು ಮೂಲ ಲೇಖಕರ ಅಥವಾ ಹಕ್ಕುದಾರರ ಒಪ್ಪಿಗೆ ಪಡೀಬೇಕು. ಲೇಖಕರು ತೀರಿಕೊಂಡು 60 ವರ್ಷ ಆಗೋವರೆಗೂ ಹಕ್ಕು ಇರುತ್ತೆ.

ಕೆಲಸ ಕೊಡೋರಿಗೆ ಮೂರು ಮಾತು

1. ಕಾಗದ ಪೂರ್ತಿ ಕೊಡಿ. ಹಿಂದಿನ ಪುಟ ಮನೇಲಿಟ್ಟು ಮುಂದಿನ ಪುಟ ತಂದರೆ ಅರ್ಥ ಕೂಡಲ್ಲ. ಯಾವ ತಾರೀಖಿಗೆ ಬೇಕು ಅಂತಲೂ ಹೇಳಿ.

2. ದರ ಮೊದಲೇ ಮಾತಾಡಿ, ವಾಟ್ಸ್‌ಆ್ಯಪಲ್ಲಾದ್ರೂ ಬರೆದುಕೊಳ್ಳಿ.

3. ಅನುವಾದಕ ಅರ್ಥ ಹೇಳ್ತಾನೆ, ಕಾನೂನು ಸಲಹೆ ಕೊಡಲ್ಲ. ಅರ್ಥ ತಿಳಿದ ಮೇಲೆ ವಕೀಲರ ಅಥವಾ ಆಡಿಟರ್ ಹತ್ತಿರ ಹೋಗಿ.

ಟೀ ಬೇಡ ಅಂತ ಯಾರೂ ಹೇಳಲ್ಲ ಸ್ವಾಮಿ, ಕುಡಿಸಿ. ಅದರ ಜೊತೆಗೆ ಕೂಲಿನೂ ಕೊಡಿ.