ಕಳಿಸದ ಕಾಗದ

ಬಾಸ್ಟನ್ನಿನ ಜನವರಿ. ಸಂಜೆ ಐದಕ್ಕೆಲ್ಲ ಕತ್ತಲು. ರಸ್ತೆಯ ತಿರುವಿನಲ್ಲಿ ನೀಲಿ ಅಂಚೆ ಪೆಟ್ಟಿಗೆಯೊಂದು ತಲೆಯ ಮೇಲೆ ಗೇಣುದ್ದ ಹಿಮ ಹೊತ್ತು ನಿಂತಿದೆ. ಅದನ್ನು ದಾಟಿದರೆ ಚರ್ಚು. ಮುಂಬಾಗಿಲಿಗೆ ಬೀಗ, ಪಕ್ಕದ ಓಣಿಯಲ್ಲಿ ಉಪ್ಪು ಚೆಲ್ಲಿದ ಆರೇಳು ಮೆಟ್ಟಿಲು ಇಳಿದರೆ ನೆಲಮಾಳಿಗೆ. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಸಂಘದ ಹೆಸರಿಲ್ಲ, ಬರಿಯ ಬಾಣದ ಗುರುತು. ಹಗಲು ಹೊತ್ತು ಇಲ್ಲಿ ಶಿಶುವಿಹಾರ. ಗೋಡೆಯ ತುಂಬ ಮಕ್ಕಳ ಬಣ್ಣದ ಅಂಗೈ ಗುರುತುಗಳು.

ಏಳಕ್ಕೆ ಸಭೆ. ಆರೂವರೆಗೇ ಬಂದವನೊಬ್ಬ ಮಡಚುವ ಕುರ್ಚಿಗಳನ್ನು ಬಿಡಿಸಿ ದುಂಡಗೆ ಜೋಡಿಸುತ್ತಿದ್ದಾನೆ. ಹೆಸರು ಬೇಡ, ಹಸಿರು ಸ್ವೆಟರಿನವನು ಎನ್ನೋಣ. ಕುರ್ಚಿ ಹಾಕುವುದು ಈ ತಿಂಗಳು ಅವನ ಪಾಲಿನ ಸೇವೆ. ಇಲ್ಲಿಯ ಬಳಕೆಯಲ್ಲೂ ಅದು 'ಸರ್ವಿಸ್'.

ಬರುವವರು ಕುಡುಕರಲ್ಲ. ಆದರೆ ದಾರಿ ಕುಡಿತ ಬಿಟ್ಟವರದೇ. 1935ರಲ್ಲಿ ಓಹಾಯೊದ ಆಕ್ರನ್‌ನಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಚಟದಿಂದ ಹೊರಬರುವ ತನ್ನ ಹನ್ನೆರಡು ಮೆಟ್ಟಿಲುಗಳನ್ನು 1939ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿತು. ಆ ಸಂಘದಲ್ಲಿ ವರ್ಷಗಟ್ಟಲೆ ಇದ್ದು ಕುಡಿತ ಬಿಟ್ಟರೂ ಹೆಂಡತಿಗೆ ಮತ್ತೆ ಮತ್ತೆ ಮೋಸ ಮಾಡುತ್ತಲೇ ಇದ್ದ ಒಬ್ಬಾತ, 1976ರಲ್ಲಿ ಇದೇ ಬಾಸ್ಟನ್ನಿನಲ್ಲಿ ಸೆಕ್ಸ್ ಅಂಡ್ ಲವ್ ಅಡಿಕ್ಟ್ಸ್ ಅನಾನಿಮಸ್ ಕಟ್ಟಿದ. ಈ ನೆಲಮಾಳಿಗೆಯ ಸಭೆ ಅದರದೇ. ಕಾಮ, ಪ್ರೀತಿಯ ಈ ಗೀಳು ವ್ಯಸನವೇ ಅಲ್ಲವೇ ಎಂಬ ವಾದ ವೈದ್ಯರಲ್ಲಿ ಇನ್ನೂ ಮುಗಿದಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ, ಹತೋಟಿ ತಪ್ಪಿದ ಕಾಮವರ್ತನೆಯನ್ನು ವ್ಯಸನದ ಸಾಲಿನಲ್ಲಿಡದೆ, ತುಡಿತವನ್ನು ತಡೆಯಲಾರದ ಕಾಯಿಲೆಗಳ ಸಾಲಿನಲ್ಲಿಟ್ಟಿದೆ. ಮೆಟ್ಟಿಲು ಇಳಿದು ಬಂದವರಿಗೆ ಆ ತಕರಾರಿಗೆ ಪುರುಸೊತ್ತಿಲ್ಲ.

ಹದಿನಾಲ್ಕು ಜನ ಕೂತಿದ್ದಾರೆ. ಹನ್ನೆರಡು ಮೆಟ್ಟಿಲುಗಳನ್ನು ಒಬ್ಬರು ಜೋರಾಗಿ ಓದುತ್ತಾರೆ. ಮೊದಲ ಮಾತೇ 'ನಾವು', 'ನಾನು' ಅಲ್ಲ. ಆಮೇಲೆ ಒಬ್ಬೊಬ್ಬರಿಗೂ ಮೂರು ನಿಮಿಷ. ಮಧ್ಯೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಒಬ್ಬಾಕೆ ಹೆಸರು ಹೇಳುತ್ತಾಳೆ, ಉಳಿದವರು ಅದೇ ಹೆಸರು ಹಿಡಿದು ನಮಸ್ಕಾರ ಹೇಳುತ್ತಾರೆ. ರಾತ್ರಿಯಿಡೀ ಮೊಬೈಲಿನಲ್ಲಿ ಮೂರು ಚುಕ್ಕಿ ಕುಣಿಯುವುದನ್ನು ನೋಡುತ್ತ ಕೂತಿದ್ದೆ, ಅವನು ಬರೆಯಲು ತೊಡಗುತ್ತಾನೆ, ನಿಲ್ಲಿಸುತ್ತಾನೆ, ಬೆಳಗಾಗುವಾಗ ಕೆಲಸಕ್ಕೆ ಹೋಗುವುದೂ ಮರೆತಿತ್ತು ಎನ್ನುತ್ತಾಳೆ. ಗಂಟೆ ಟಿಣ್ ಎನ್ನುತ್ತದೆ. ಯಾರೂ ಸಮಾಧಾನ ಹೇಳುವುದಿಲ್ಲ. ಪಕ್ಕದವರು ಟಿಶ್ಯೂ ಡಬ್ಬಿಯನ್ನು ಮೆಲ್ಲಗೆ ಅವಳತ್ತ ಸರಿಸುತ್ತಾರೆ.

ಕುಡುಕನಾದರೆ ಬಾಟಲಿ ಮುಟ್ಟದಿದ್ದರಾಯಿತು. ಪ್ರೀತಿಗೆ ಬಿರಡೆ ಎಲ್ಲಿ ಹಾಕುವುದು? ಅದಿಲ್ಲದೆ ಬದುಕುವುದು ಇಲ್ಲಿ ಯಾರ ಗುರಿಯೂ ಅಲ್ಲ. ಅದಕ್ಕೇ ಅವರವರ ಗೆರೆ ಅವರವರೇ ಎಳೆದುಕೊಳ್ಳಬೇಕು. ಅದರ ಹೆಸರು 'ಬಾಟಮ್ ಲೈನ್'. ಹಸಿರು ಸ್ವೆಟರಿನವನ ಪರ್ಸಿನಲ್ಲಿ ಮಡಿಕೆ ಸವೆದ ರಟ್ಟಿನ ಚೀಟಿಯೊಂದಿದೆ. ಅದರಲ್ಲಿ ಮೂರೇ ಸಾಲು: ಡೇಟಿಂಗ್ ಆ್ಯಪ್ ಇಲ್ಲ. ಮದುವೆಯಾದವರ ಸಹವಾಸ ಇಲ್ಲ. ಹಳೆಯವಳಿಗೆ ಫೋನಿಲ್ಲ, ಮೆಸೇಜಿಲ್ಲ. ಗೆರೆ ಎಳೆದ ಮೊದಲ ವಾರಗಳಲ್ಲಿ ಅವನಿಗೆ ನಿದ್ದೆ ಹತ್ತಿರಲಿಲ್ಲ. ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು.

ನಾಲ್ಕನೆಯ ಮೆಟ್ಟಿಲಿಗೆ ಅವನೊಂದು ನೋಟ್‌ಬುಕ್ ತುಂಬಿಸಿದ್ದಾನೆ. ದಿನಸಿ ಅಂಗಡಿಯ ಲೆಕ್ಕದ ಹಾಗೆ ಗೆರೆ ಹೊಡೆದ ಪುಟಗಳು: ಯಾರ ಮೇಲೆ ಸಿಟ್ಟು, ಯಾಕೆ, ಅದು ತನ್ನ ಯಾವ ಗಾಯಕ್ಕೆ ತಾಗಿತು, ಕೊನೆಯ ಕಾಲಮ್ಮಿನಲ್ಲಿ ತನ್ನ ಪಾಲು. ಬಹಳ ದಿನ ಖಾಲಿ ಉಳಿದದ್ದು ಆ ಕೊನೆಯದೇ. ಐದನೆಯದರಲ್ಲಿ ಅದನ್ನೆಲ್ಲ ತನ್ನ ಸ್ಪಾನ್ಸರ್, ಅಂದರೆ ಈ ದಾರಿಯಲ್ಲಿ ಮುಂದೆ ನಡೆದ ಬಿಳಿಗಡ್ಡದ ಹಿರಿಯನ ಎದುರು ಓದಿದ. ಎಂಟನೆಯದರಲ್ಲಿ, ತಾನು ನೋಯಿಸಿದವರ ಪಟ್ಟಿ ಮಾಡಿದ.

ಈಗ ಒಂಬತ್ತು: ಅವರ ಬಳಿ ಹೋಗಿ ಸರಿಪಡಿಸುವುದು.

ಸಭೆ ಮುಗಿದು, ಬುಟ್ಟಿಯಲ್ಲಿ ಬಿದ್ದ ಒಂದು ಡಾಲರ್ ನೋಟುಗಳನ್ನು ಯಾರೋ ಎಣಿಸುತ್ತಿರುವಾಗ, ಅವನು ಕೋಟಿನಿಂದ ಲಕೋಟೆ ತೆಗೆಯುತ್ತಾನೆ. ಹಳೆಯವಳ ವಿಳಾಸ ಬರೆದಾಗಿದೆ. ಸ್ಟ್ಯಾಂಪೂ ಅಂಟಿಸಿಯಾಗಿದೆ.

"ನಾಲ್ಕು ಪುಟ ಕ್ಷಮೆ ಕೇಳಿದ್ದೀನಿ. ಪ್ರಾಮಾಣಿಕವಾಗಿ."

ಹಿರಿಯ ಓದುವುದಿಲ್ಲ. ಲಕೋಟೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಾನೆ.

"ಕ್ಷಮೆಗೆ ನಾಲ್ಕು ಪುಟ ಬೇಕಾ?"

ಇವನು ಸುಮ್ಮನಿದ್ದಾನೆ.

"ಅವಳ ಉತ್ತರಕ್ಕೆ ಕಾಯ್ತೀಯಾ?"

ಕಾಫಿ ಪಾತ್ರೆ ತೊಳೆಯುವ ಸದ್ದು. "ಕಾಯ್ತೀನಿ" ಎನ್ನುತ್ತಾನೆ, ನೆಲ ನೋಡುತ್ತ.

ಹಿರಿಯ ಲಕೋಟೆ ಮರಳಿಸುತ್ತಾನೆ. ಒಂಬತ್ತನೆಯ ಮೆಟ್ಟಿಲಿಗೆ ಒಂದು ತಡೆಯೂ ಇದೆ: ಸರಿಪಡಿಸಲು ಹೋಗಿ ಅವರಿಗೆ ಮತ್ತೆ ನೋವಾಗುವ ಹಾಗಿದ್ದರೆ ಹೋಗಕೂಡದು. ಇವನು ಬದಲಾದದ್ದನ್ನು ಇವನಿಂದಲೇ ಕೇಳಿ ತಿಳಿಯುವ ಕೆಲಸವೂ ಅವಳ ತಲೆಗೇ ಬೀಳಬೇಕೇ? ಕೆಲವರ ಸಾಲ ದೂರ ಉಳಿದೇ ತೀರಿಸಬೇಕಾದದ್ದು.

ಕುರ್ಚಿಗಳು ಒಂದೊಂದಾಗಿ ಮಡಚಿಕೊಂಡು ಗೋಡೆಗೆ ಒರಗುತ್ತವೆ. ದೀಪ ಆರುತ್ತದೆ. ಹೊರಗೆ ಹೊಸ ಹಿಮ ಬೀಳುತ್ತಿದೆ. ತಿರುವಿನ ಪೆಟ್ಟಿಗೆಯ ಹತ್ತಿರ ಬಂದಾಗ ಹಸಿರು ಸ್ವೆಟರಿನವನ ಕಾಲು ನಿಲ್ಲುತ್ತದೆ. ಒಂದು ಕೈ ಕೋಟಿನ ಒಳಜೇಬಿನಲ್ಲಿ. ಇನ್ನೊಂದರಲ್ಲಿ ಫೋನು.

"ಅಂಚೆ ಡಬ್ಬಿ ಮುಂದೆ ನಿಂತಿದ್ದೀನಿ."

"ನಿಲ್ಲಬೇಡ. ಮಾತಾಡ್ತಾ ನಡಿ" ಎನ್ನುತ್ತದೆ ಆ ಕಡೆಯ ದನಿ. "ರೈಲು ಬರೋವರೆಗೂ ಲೈನಲ್ಲೇ ಇರ್ತೀನಿ."