ಬೆಂಗಳೂರು–ವಿಜಯವಾಡ: ವಿಮಾನದ ಹಾದಿ ಒಂದೂಕಾಲು ಗಂಟೆ, ನಮ್ಮ ಹಾದಿ ಎಷ್ಟು?

ಅಮರಾಪುರ, ಮಡಕಶಿರಾ ಭಾಗದ ಕನ್ನಡ ಕುಟುಂಬಗಳಿಗೆ ಸಂದರ್ಶನಕ್ಕೋ ಕಚೇರಿಯ ಕೆಲಸಕ್ಕೋ ವಿಜಯವಾಡದವರೆಗೆ ಹೋಗಬೇಕಾದ ಸಂದರ್ಭಗಳು ಬರುತ್ತವೆ. ಆಗ ಪೋಷಕರು ನಮ್ಮನ್ನು ಕೇಳುವುದುಂಟು: "ಮೇಷ್ಟ್ರೇ, ವಿಮಾನದಲ್ಲಿ ಒಂದು ಗಂಟೆಯ ದಾರಿಯಂತೆ. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದಲ್ಲವೇ?" ಈ ಪ್ರಶ್ನೆಗೆ ಅರ್ಧ ಉತ್ತರ ಮಕ್ಕಳ ಗಣಿತ ಪುಸ್ತಕದಲ್ಲಿದೆ, ಉಳಿದರ್ಧ ನಮ್ಮ ಊರಿನ ಭೂಪಟದಲ್ಲಿದೆ.

ಆಕಾಶದ ಲೆಕ್ಕ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ವಿಜಯವಾಡದ ಗನ್ನವರಂ ನಿಲ್ದಾಣಕ್ಕೆ ನೇರ ದೂರ ಸುಮಾರು 500 ಕಿ.ಮೀ. ಜೆಟ್ ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 800 ಕಿ.ಮೀ. ವೇಗದಲ್ಲಿ ಹಾರುತ್ತದೆ. ದೂರವನ್ನು ವೇಗದಿಂದ ಭಾಗಿಸಿದರೆ 38 ನಿಮಿಷ. ಆದರೆ ಟಿಕೆಟ್ಟಿನಲ್ಲಿ ಸುಮಾರು ಒಂದೂಕಾಲು ಗಂಟೆ ಇರುತ್ತದೆ. ಏಕೆಂದರೆ ವಿಮಾನ ತನ್ನ ನಿಲುಗಡೆಯಿಂದ ಕದಲಿದ ಕ್ಷಣದಿಂದ ಮತ್ತೊಂದು ನಿಲುಗಡೆ ಸೇರುವವರೆಗಿನ ಎಲ್ಲ ಸಮಯವೂ ಅದರಲ್ಲಿ ಸೇರಿದೆ. ರನ್‌ವೇವರೆಗೆ ನಿಧಾನವಾಗಿ ಸಾಗುವುದು, ಸರದಿಗೆ ಕಾಯುವುದು, ಮೇಲೇರುವುದು, ಇಳಿಯುವುದು – ದೂರ ಕಡಿಮೆಯಾದ ಮಾತ್ರಕ್ಕೆ ಇವು ಕಡಿಮೆಯಾಗುವುದಿಲ್ಲ. ಬೆಂಗಳೂರು–ಶಿವಮೊಗ್ಗ ನೇರ ದೂರ ಸುಮಾರು 240 ಕಿ.ಮೀ. ಮಾತ್ರ. ಆದರೂ 2023ರ ಆಗಸ್ಟ್ 31ರಂದು ಆರಂಭವಾದ ಆ ವಿಮಾನಯಾನಕ್ಕೂ ಒಂದು ಗಂಟೆಗೂ ಮಿಗಿಲಾದ ಸಮಯ ನಿಗದಿಯಾಗಿತ್ತು. ಅಲ್ಲಿ ಹಾರುವುದು ವೇಗ ಕಡಿಮೆಯಿರುವ ಎಟಿಆರ್ ವಿಮಾನ ಎಂಬುದೂ ಒಂದು ಕಾರಣ.

ನೆಲದ ಲೆಕ್ಕ

ಈಗ ಮನೆಯ ಬಾಗಿಲಿನಿಂದ ಎಣಿಸೋಣ. ಅಮರಾಪುರದಿಂದ ಬಸ್ಸು ಬದಲಾಯಿಸುತ್ತಾ ಕೆಂಪೇಗೌಡ ನಿಲ್ದಾಣ ತಲುಪಲು ನಾಲ್ಕು ಗಂಟೆ ಇಟ್ಟುಕೊಳ್ಳಬೇಕು. ತಪಾಸಣೆಗಾಗಿ ಎರಡು ಗಂಟೆ ಮುಂಚಿತವಾಗಿ ಅಲ್ಲಿರಬೇಕು. ಹಾರಾಟಕ್ಕೆ ಒಂದೂಕಾಲು ಗಂಟೆ. ಗನ್ನವರಂನಿಂದ ನಗರ ಸುಮಾರು 20 ಕಿ.ಮೀ.; ಸಾಮಾನು ಪಡೆದು ಹೊರಬಂದು ನಗರ ಸೇರಲು ಒಂದು ಗಂಟೆ. ಒಟ್ಟು ಎಂಟೂಕಾಲು ಗಂಟೆ. ಇದರಲ್ಲಿ ಹಾರಾಟದ ಪಾಲು ಆರನೆಯ ಒಂದಂಶಕ್ಕಿಂತ ಕಡಿಮೆ. ಆದುದರಿಂದ ಒಂದೇ ದಿನದಲ್ಲಿ ಹೋಗಿಬರುವ ಯೋಚನೆ ಬೇಡ. ಬೆಳಗಿನ ಕೆಲಸವಿದ್ದರೆ ಹಿಂದಿನ ದಿನವೇ ಹೊರಡಿ. ಟಿಕೆಟ್ ದುಬಾರಿಯಾದರೆ ಹಿಂದೂಪುರ, ಧರ್ಮಾವರದ ಮೂಲಕ ಹೋಗುವ ರೈಲನ್ನೂ ಹೋಲಿಸಿ ನೋಡಿ.

ರಾಜಧಾನಿಯ ಲೆಕ್ಕ

ನಮ್ಮೂರು ಇದ್ದಲ್ಲೇ ಇದೆ. ರಾಜಧಾನಿ ಮಾತ್ರ ದೂರ ಸರಿಯುತ್ತಾ ಬಂದಿದೆ. 1953ರಲ್ಲಿ ಆಂಧ್ರ ರಾಜ್ಯದ ರಾಜಧಾನಿಯಾದ ಕರ್ನೂಲು ಅಮರಾಪುರದಿಂದ ನೇರ ರೇಖೆಯಲ್ಲಿ ಸುಮಾರು 220 ಕಿ.ಮೀ. 1956ರಲ್ಲಿ ರಾಜಧಾನಿಯಾದ ಹೈದರಾಬಾದು ಸುಮಾರು 395 ಕಿ.ಮೀ. ಇಂದಿನ ಅಮರಾವತಿ ಸುಮಾರು 460 ಕಿ.ಮೀ. ನಮ್ಮದಲ್ಲದ ರಾಜ್ಯದ ರಾಜಧಾನಿ ಬೆಂಗಳೂರು ಮಾತ್ರ 145 ಕಿ.ಮೀ. ಆಸುಪಾಸಿನಲ್ಲಿದೆ.

ಕನ್ನಡ ಶಾಲೆಯ ಶಿಕ್ಷಕರ ಹುದ್ದೆ, ಪಠ್ಯಪುಸ್ತಕಗಳ ಕಡತ ತೀರ್ಮಾನವಾಗುವುದು ಆ ದೂರದ ಊರಿನಲ್ಲಿ. ಒಂದು ಮನವಿ ಕೊಟ್ಟು ಬರಲು ಕೂಲಿಯ ಮನೆಯೊಂದು ಎರಡು ದಿನದ ದುಡಿಮೆ ಬಿಡಬೇಕಾಗುತ್ತದೆ. ಆದ್ದರಿಂದ ಭಾಷಾ ಅಲ್ಪಸಂಖ್ಯಾತರ ಅಹವಾಲುಗಳನ್ನು ಜಿಲ್ಲಾ ಕೇಂದ್ರದಲ್ಲೇ ಆಲಿಸಬೇಕೆಂದು ನಾವು ಕೇಳುವಾಗ ಈ ಲೆಕ್ಕವನ್ನೇ ಮುಂದಿಡಬೇಕು. ಪೋಷಕರು ಇಂದು ಸಂಜೆ ಮಕ್ಕಳೊಡನೆ ಕುಳಿತು, ತಮ್ಮ ಮನೆಯಿಂದ ರಾಜಧಾನಿಗೆ ಎಷ್ಟು ಗಂಟೆಯೆಂದು ಬರೆಸಲಿ. ಮಕ್ಕಳಿಗೆ ಅದು ಗಣಿತ, ನಮಗೆ ಅದು ಮನವಿಯ ಮೊದಲ ಸಾಲು.